ಸರಿಯಾಗಿ ಕೂತ ಪೇಟ

ನನ್ನ ಗಂಡನದು ದೊಡ್ಡ ತಲೆ. ಬೈಗುಳವಲ್ಲ ಮಾರಾಯ್ರೇ, ಅಳತೆ! ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಅವರಿಗೆ ಆಗುವ ಹೆಲ್ಮೆಟ್ ಹುಡುಕುವುದೇ ಒಂದು ರಗಳೆ.

ಆ ವರ್ಷ ಅಬುಧಾಬಿಯ ನಮ್ಮೂರಿನವರಿಗೆ, ಎಂದೋ ಜಗಳವಾಡಿ ಮುಚ್ಚಿದ್ದ ಸಂಘವನ್ನು ಮತ್ತೆ ಎಬ್ಬಿಸುವ ಹುಮ್ಮಸ್ಸು ಬಂತು. ಮೊದಲ ಕಾರ್ಯಕ್ರಮ ಕ್ರಿಸ್ಮಸ್ ಮುಗಿದ ವಾರ. ಅದೇ ವಾರ ಮಂಗಳೂರಿನಲ್ಲಿ ನನ್ನ ತಂಗಿಯ ರೋಸ್. ಮದುವೆಯ ಮುಂಚಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವದು. ಮಗಳೂ ಸೇರಿ ಮೂವರೂ ಹೋಗುವುದೆಂದು ಮಾತಾಗಿತ್ತು. ಇವರು ಸಂಘದ ಅಧ್ಯಕ್ಷರಾದರೆ ಊರಿಗೆ ಬರುವ ಮಾತೇ ಇಲ್ಲ.

“ನನಗೆ ಯಾವ ಪೋಸ್ಟೂ ಬೇಡ ಮಾರಾಯ್ತಿ. ಖಲಾಸ್!” ಎಂದು ಅಲ್ ಮೀನಾದ ಮಾರ್ಕೆಟ್ಟಿನಲ್ಲಿ ಅಂಜಲ್ ಮೀನು ಕೊಯ್ಯಿಸಿಕೊಳ್ಳುತ್ತಾ ಹೇಳಿದ್ದರು. ನಾನು ನಂಬಿದೆ.

ಸಂಘದ ಸಭೆಗೆ ಹೋಗುವಾಗ ಕಾರಿನಲ್ಲಿ ಮಗಳು ಇತಿಹಾಸದ ಪರೀಕ್ಷೆಗೆ ಓದುತ್ತಿದ್ದಳು. ಪಶ್ಚಿಮದಲ್ಲಿ ರೋಮಿನ ಸಾಮ್ರಾಜ್ಯ ಅಳಿದು ಮುನ್ನೂರು ವರ್ಷ ದಾಟಿದ ಮೇಲೆ ಫ್ರಾಂಕರ ರಾಜನೊಬ್ಬ ಕ್ರಿಸ್ಮಸ್ ದಿನ ರೋಮಿನ ಇಗರ್ಜಿಗೆ ಹೋದನಂತೆ. ಪ್ರಾರ್ಥನೆ ಮುಗಿಸಿ ಏಳುವಷ್ಟರಲ್ಲಿ ಪೋಪರು ಅವನ ತಲೆಗೆ ಕಿರೀಟ ಇಟ್ಟೇಬಿಟ್ಟರು. ಜನ ಚಕ್ರವರ್ತಿಗೆ ಜೈ ಎಂದರು. ಹೀಗಾಗುತ್ತದೆಂದು ಗೊತ್ತಿದ್ದರೆ ಹಬ್ಬದ ದಿನವಾದರೂ ಅಲ್ಲಿಗೆ ಕಾಲಿಡುತ್ತಿರಲಿಲ್ಲ ಎಂದು ಅವನು ಆಮೇಲೆ ಹೇಳಿದನಂತೆ.

“ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು?” ಎಂದರು ಇವರು, ಸ್ಟಿಯರಿಂಗ್ ತಿರುಗಿಸುತ್ತಾ.

“ಕಮಾನ್ ಡ್ಯಾಡ್, ಅವನಿಗೆ ಟೋಟಲಿ ಗೊತ್ತಿತ್ತು!” ಎಂದಳು ಮಗಳು.

ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಅಧ್ಯಕ್ಷ ಸ್ಥಾನಕ್ಕೆ ಇವರ ಹೆಸರು ಕೂಗಿದರು. ಇವರು “ಅಯ್ಯೋ, ನಾನಾ? ಬೇಡ, ಬೇಡ” ಎನ್ನುತ್ತಲೇ ವೇದಿಕೆ ಹತ್ತಿದರು. ಊರಿಂದ ತರಿಸಿದ ಜರಿಯ ಮೈಸೂರು ಪೇಟ ತಲೆಗೇರಿತು. ಚಪ್ಪಾಳೆಯೋ ಚಪ್ಪಾಳೆ. ನಾನು ಪೇಟವನ್ನೇ ನೋಡುತ್ತಿದ್ದೆ. ಒಂದಿಷ್ಟೂ ಬಿಗಿಯಿಲ್ಲ, ಒಂದಿಷ್ಟೂ ಸಡಿಲವಿಲ್ಲ, ಆ ತಲೆಯ ಮೇಲೆ ಸರಿಯಾಗಿ ಕೂತಿತ್ತು.

ವಾಪಸು ಬರುವಾಗಲೂ ಅದನ್ನು ತೆಗೆದಿರಲಿಲ್ಲ. “ದೇವರಾಣೆ, ನನಗೆ ಗೊತ್ತೇ ಇರಲಿಲ್ಲ” ಎಂದರು.

ಹಿಂದಿನ ಸೀಟಿನಿಂದ ಮಗಳು ಕೇಳಿದಳು, “ದೆನ್ ಹೌ ಡಸ್ ಇಟ್ ಫಿಟ್ ಯೂ, ಡ್ಯಾಡ್?”

ಇವರು ಸಿಗ್ನಲ್ ನೋಡತೊಡಗಿದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೈಯೆಲ್ಲ ಹಾಲು ಮೆತ್ತಿಕೊಂಡು ಕೂತ ತಂಗಿ ‘ಭಾವ ಎಲ್ಲಿ?’ ಎಂದರೆ ಏನು ಹೇಳಲಿ? ಫೋನ್ ತೆಗೆದು ಟಿಕೆಟ್ ಬುಕ್ ಮಾಡಲು ಕೂತೆ.

“ಎಷ್ಟು?” ಎಂದರು ಮೆಲ್ಲಗೆ.

“ಎರಡು.”

“ಮತ್ತೆ ನನಗೆ?”

“ನಿಮಗೆ ಸಾಮ್ರಾಜ್ಯ ಉಂಟಲ್ಲ!”