ತೀರ್ಪು ಕೇಳದೆ ಎದ್ದು ಹೋದ ಬಸುರಿ

ನನ್ನ ಮೊಮ್ಮಗಳು ಹುಟ್ಟುವ ಹೊತ್ತಿಗೆ ನಾನು ಒಬ್ಬ ಕೊಲೆಗಾರನ ಮುಖ ನೋಡುತ್ತ ಕೂತಿದ್ದೆ. ಹೇಳಿದರೆ ಜನ ನಗುತ್ತಾರೆ. ನಗಲಿ, ಈಗ ನನಗೂ ನಗು ಬರುತ್ತದೆ.

ಮಗಳ ಬಾಣಂತನಕ್ಕೆಂದು ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ಗೆ ಬಂದಿದ್ದೆ. ಬಂದ ಮೇಲೆ ಕೊರೋನಾ ಬಂತು, ಊರೆಲ್ಲ ಬಾಗಿಲು ಹಾಕಿಕೊಂಡಿತು. ದಿನ ತುಂಬಿದ ಮಗಳು ಮಧ್ಯಾಹ್ನ ಊಟವಾದ ಮೇಲೆ ಟೀವಿಯಲ್ಲಿ ಅಮೆರಿಕದ ಕೊಲೆಗಾರನೊಬ್ಬನ ನಿಜವಾಗಿ ನಡೆದ ಕಥೆ ಹಾಕುತ್ತಿದ್ದಳು. ಬಸ್ಸಿಗೆ ಕಾದು ನಿಂತ ಹೆಂಗಸರನ್ನು ಕಾರಿಗೆ ಹತ್ತಿಸಿಕೊಂಡು ಕೊಲ್ಲುತ್ತಿದ್ದನಂತೆ, ವರ್ಷಗಟ್ಟಲೆ. ಅದೇ ಕೈಯಲ್ಲಿ ಪಕ್ಕದ ಮನೆ ಮುದುಕಿಯ ಅಂಗಳದ ಹುಲ್ಲು ಕತ್ತರಿಸಿ ಕೊಡುತ್ತಿದ್ದನಂತೆ.

“ಬಸುರಿ ನೋಡೋದೇನೇ ಇದು? ಆಫ್ ಮಾಡು,” ಎಂದೆ.

“ನಿನ್ ಕಾಫಿ ಆರಿ ಹೋಯ್ತು ನೋಡಮ್ಮ. ಕಣ್ಣು ಕೀಳ್ತಾ ಇಲ್ಲ ನೀನು!”

ನಿಜವೇ. ಅವಳು ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕೊನೆಗೆ ಅವನು ಸಿಕ್ಕಿಬಿದ್ದು ಕೋರ್ಟಿಗೆ ಬಂದ. ತೀರ್ಪು ಹೇಳುವ ಮೊದಲೇ ಇವಳಿಗೆ ನೋವು ಶುರುವಾಯಿತು.

ಅಳಿಯಂದಿರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ನಾನೊಬ್ಬಳೇ. ಟೀವಿಯಲ್ಲಿ ಆ ಮುಖ ಅಲ್ಲಾಡದೆ ನಿಂತಿತ್ತು. ನಮ್ಮ ಮನೆಯಲ್ಲಿ ವ್ರತದ ಕಥೆಗೆ ಕೂತ ಬಸುರಿ ಮಂಗಳಾರತಿವರೆಗೆ ಏಳುವಂತಿಲ್ಲ. ಎದ್ದರೆ ಅವಳನ್ನು ಹೆತ್ತವಳು ಆ ಜಾಗದಲ್ಲಿ ಕೂತು ಉಳಿದದ್ದನ್ನು ಕೇಳಿ ಮುಗಿಸಬೇಕು. ಇದು ವ್ರತದ ಕಥೆಯಲ್ಲ, ಗೊತ್ತು. ಆದರೂ ಆ ಪಾಪಿ ಶಿಕ್ಷೆಯಿಲ್ಲದೆ ನಿಂತಿರುವಾಗ ನನ್ನ ಮಗಳು ಹೇಗೆ ಹೆತ್ತಾಳು?

ಅಳಿಯಂದಿರಿಗೆ ಫೋನ್ ಮಾಡಿದೆ. ಅವರನ್ನು ಒಳಗೆ ಬಿಟ್ಟಿರಲಿಲ್ಲ, ಕಾರಿನಲ್ಲೇ ಕೂತಿದ್ದರು.

“ಎಲ್ಲಾ ಗ್ರ್ಯಾಂಡ್ ಅಂತೆ ಅತ್ತೆ, ಏನೂ ತೊಂದರೆ ಇಲ್ವಂತೆ. ಕೊನೇ ಹೊತ್ತಿಗೆ ನನ್ನ ಕರೀತಾರಂತೆ.”

“ಟೀವಿ ಮುಂದಕ್ಕೆ ಓಡಿಸೋದು ಯಾವ ಗುಂಡಿ, ಹೇಳಿ.”

“ರಿಮೋಟಿನ ನಡುವಿನ ದುಂಡಗಿನದು ಒತ್ತಿ. ಫೋನು ಟೀವಿ ಹತ್ರ ಹಿಡೀರಿ, ನಾನೂ ಕೇಳ್ತೀನಿ. ಇಲ್ಲಿ ಒಬ್ನೇ ಕೂತು ತಲೆ ಕೆಟ್ಟೋಗ್ತಾ ಇದೆ,” ಎಂದರು.

ಹಿಡಿದೆ. ಅವರು ಕಾರಿನಿಂದ ಕನ್ನಡ ಮಾಡಿ ಹೇಳಿದರು. “ಈಗ ಸಾಕ್ಷಿ ಮುಗೀತು... ತೀರ್ಪು ಹೇಳೋ ಜ್ಯೂರಿಯವರು ವಾಪಸ್ ಬಂದ್ರು... ಅತ್ತೆ, ಕರೀತಾ ಇದಾರೆ! ಹೋದೆ!”

ಫೋನು ಕಟ್ಟಾಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಎಲ್ಲಿಯ ಇಂಗ್ಲಿಷು? ಒಬ್ಬ ಹೆಂಗಸು ಎದ್ದು ಚೀಟಿ ಓದಿದಳು. ಸತ್ತವರ ಹೆಸರು ಒಂದೊಂದಾಗಿ, ಪ್ರತಿ ಹೆಸರಿನ ಹಿಂದೆ ಅದೇ ಮಾತು. ಅವನ ಮುಖ ಅಲ್ಲಾಡಲಿಲ್ಲ. ಸತ್ತ ಹುಡುಗಿಯೊಬ್ಬಳ ತಾಯಿಯನ್ನು ನಾನು ಮೊದಲ ದಿನದಿಂದ ನೋಡಿದ್ದೆ, ಒಮ್ಮೆಯೂ ಅತ್ತವಳಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಿಟ್ಟುಬಿಟ್ಟರೇ ಅವನನ್ನು? ಅವಳು ಕೈ ತೆಗೆದು ಪಕ್ಕದವಳ ಕುತ್ತಿಗೆಗೆ ಜೋತುಬಿದ್ದಳು. ಪೊಲೀಸರು ಅವನಿಗೆ ಬೇಡಿ ಹಾಕಿ ಕರೆದೊಯ್ದರು. ಅಷ್ಟು ಅರ್ಥವಾಗಲು ಸ್ಕೂಲು ಬೇಕೇ? ಎದ್ದವಳೇ ದೇವರ ಮುಂದೆ ಕರ್ಪೂರ ಹಚ್ಚಿದೆ. ಹೊಗೆಗೆ ಗೋಡೆಯ ಮೇಲಿನ ಅಲಾರಾಂ ಕಿರುಚಿಕೊಂಡಿತು. ಅದರ ನಡುವೆಯೇ ಫೋನು.

ಹೆಣ್ಣು! ಫೋನಿನ ಪರದೆಯ ತುಂಬ ಕೆಂಪು ಮುಖ, ಕರೀ ಕೂದಲು, ನನ್ನವ್ವನದೇ ಗದ್ದ. ನಾನು ಅತ್ತುಬಿಟ್ಟೆ, ನಕ್ಕೆ, ಕುಣಿದೆ ಅಂದರೂ ಸರಿಯೇ.

ಮಗಳಿಗೆ ದನಿಯೇ ಇರಲಿಲ್ಲ. ಆದರೂ ಮೊದಲು ಕೇಳಿದ್ದು, “ಅಮ್ಮ, ಅವನಿಗೇನಾಯ್ತು?”

“ಫೋನು ಮಗು ಕಿವಿ ಹತ್ರ ಹಿಡಿ,” ಎಂದೆ.

ಹಿಡಿದಳು.

“ಹೆದರಬೇಡ ಕಂದ, ಅವನು ಒಳಗೆ ಹೋದ. ನೀನು ಹೊರಗೆ ಬಂದೆ.”

ಪಕ್ಕದಲ್ಲಿದ್ದ ನರ್ಸಮ್ಮ ಏನೋ ಕೇಳಿದಳು. ಅಳಿಯಂದಿರು ಮಾಸ್ಕಿನೊಳಗೇ ನಗುತ್ತ ಉತ್ತರ ಕೊಟ್ಟರು. ಏನೆಂದಿರಿ ಎಂದು ಆಮೇಲೆ ಕೇಳಿದೆ.

“ಅಜ್ಜಿ ಆಶೀರ್ವಾದ ಮಾಡ್ತಾ ಇದಾರೆ ಅಂದೆ, ಅತ್ತೆ.”