ಉಸಿರು ಬಿಡಿ, ಅಳತೆ ತಗೋಬೇಕು

ಆ ಬೀದಿಯವರು ಹೆದರುವ ಕೆಲಸವನ್ನೆಲ್ಲ ಟೈಲರಮ್ಮನಿಗೆ ಗುತ್ತಿಗೆ ಕೊಟ್ಟು ತಾವು ನಿಶ್ಚಿಂತೆಯಾಗಿದ್ದರು. ಅವಳು ಅದನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದಳು. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಓಡಿಬಂದು, ಹಾಕಿದ್ದ ಬೀಗವನ್ನು ಜಗ್ಗಿ ನೋಡಿ, ಅಷ್ಟರಲ್ಲಿ ಬಸ್ಸು ಹೋಯಿತೆಂದು ಮತ್ತೊಂದು ಸುತ್ತು ಕಂಗಾಲಾಗುವವಳು. ಮಗಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಸಾಕು, ಕೂತಲ್ಲೇ ಊರಿನ ಆಸ್ಪತ್ರೆಗಳ ವಾರ್ಡುಗಳನ್ನೆಲ್ಲ ಮನಸ್ಸಿನಲ್ಲಿ ಸುತ್ತಿ ಬರುವವಳು. ಫೋನು ರಿಂಗಾದರೆ ಎದೆ ಹಿಡಿದುಕೊಳ್ಳುತ್ತಿದ್ದಳು. ರಿಂಗಾಗದಿದ್ದರೆ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಹೀಗಾಗಿ ಅವಳಿಗೆ ಗಾಬರಿಯಮ್ಮ ಎಂಬ ಹೆಸರು ಅಂಟಿಕೊಂಡಿತ್ತು. ಗಿರಾಕಿಗಳು ಬಾಯಿತಪ್ಪಿ ಎದುರಿಗೇ ಹಾಗೆ ಕರೆದರೂ ಅವಳು ಬೇಜಾರು ಮಾಡಿಕೊಳ್ಳದೆ, "ಹೂಂ, ಹೇಳಿ" ಎನ್ನುತ್ತಿದ್ದಳು.

"ನಮ್ಮನೇಲಿ ಆ ಇಲಾಖೆ ಇವಳದು. ನಾನು ಕೈ ಹಾಕಲ್ಲ" ಎನ್ನುತ್ತಿದ್ದ ಅವಳ ಗಂಡ. ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬ್ರೆಡ್ಡು ಕರಕಲಾಗುವುದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆ ಭಯವಿಲ್ಲ.

ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ನೆಲದ ತುಂಬ ದಾರದ ಚೂರು. ದಿಂಬಿನ ಚೀಲ ಹೊಲಿಯುವುದಿದ್ದರೂ ಅವಳು ಮೊದಲು ಕಚ್ಚಾ ಹೊಲಿಗೆ ಹಾಕಿ, ಎಳೆದು ನೋಡಿ, ಆಮೇಲೆ ಯಂತ್ರಕ್ಕೆ ಕೊಡುವಳು. ಆದರೆ ಅಳತೆ ತೆಗೆಯಲು ನಿಂತಳೆಂದರೆ ಅವಳೇ ಬೇರೆ. ಟೇಪು ಕಂಡೊಡನೆ ಮನುಷ್ಯರು ಒಂದಲ್ಲ ಒಂದು ಸುಳ್ಳು ಹೇಳಲು ಶುರು ಮಾಡುತ್ತಾರೆ. ಸಣಕಲರು ಎದೆ ಉಬ್ಬಿಸುತ್ತಾರೆ, ಡೊಳ್ಳುಹೊಟ್ಟೆಯವರು ಹೊಟ್ಟೆ ಒಳಗೆಳೆದುಕೊಂಡು ಚಾವಣಿ ನೋಡುತ್ತಾರೆ. ಗಾಬರಿಯಮ್ಮ ಟೇಪು ಹಿಡಿದು ಸುಮ್ಮನೆ ನಿಲ್ಲುವಳು. "ಉಸಿರು ಬಿಡಿ, ಅಳತೆ ತಗೋಬೇಕು. ಪೂರ್ತಿ ಬಿಡಿ. ಇನ್ನೂ ಇದೆ, ಬಿಡಿ." ಹೆಗಲು ತಾನಾಗಿ ಇಳಿಯುವವರೆಗೆ ಅವಳು ಟೇಪು ಮುಟ್ಟಿಸುತ್ತಿರಲಿಲ್ಲ. ಬಟ್ಟೆ ಹೊಲಿಸಲು ಬಂದವರು ಎಷ್ಟೋ ಸಲ ಹಗುರಾಗಿ ಮನೆಗೆ ಹೋಗುತ್ತಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಆ ಮಾತಿಗೆ ಬಗ್ಗದ ಗಿರಾಕಿ ಒಬ್ಬರೇ, ಅವಳ ಸ್ವಂತ ಅಕ್ಕನ ಗಂಡ. ಬಂದರು ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದ ಭಾವ, ಹೊಟ್ಟೆಯನ್ನು ಮಾತ್ರ ನಿವೃತ್ತಿಯ ನಂತರವೂ ಡ್ಯೂಟಿಯ ಮೇಲೇ ಇಟ್ಟಿದ್ದರು. ಅಳತೆ ಕೊಡುವಾಗ ಒಳಗೆಳೆದ ಹೊಟ್ಟೆ, ಅಂಗಿ ಹಾಕಿಕೊಂಡು ಊಟಕ್ಕೆ ಕೂತಾಗ ಹೊರಗೆ ಬರುತ್ತಿತ್ತು, ಗುಂಡಿ ಹಾರುತ್ತಿತ್ತು. "ನಿನ್ನ ಹೊಲಿಗೆ ಯಾವಾಗಲೂ ಬಿಗಿಯಮ್ಮಾ. ಕೈ ಇನ್ನೂ ಕುದುರಿಲ್ಲ" ಎಂದು ಅವರು, "ಹೂಂ ಭಾವ" ಎಂದು ಇವಳು. ಪ್ರತಿ ಅಂಗಿಗೂ ಇದೇ ಮಾತು.

ಅಂಥ ಊರಿಗೆ ಚಂಡಮಾರುತ ಬರುತ್ತದೆಂಬ ಸುದ್ದಿ ಬಂತು. ಹವಾಮಾನದವರು ಅದಕ್ಕೊಂದು ಹೂವಿನ ಹೆಸರಿಟ್ಟಿದ್ದರು. ಬೀದಿಯವರು ಮಾತ್ರ ರೈಲು ಹತ್ತಿ ಬರುತ್ತಿರುವ ದೂರದ ನೆಂಟರ ವಿಷಯದಂತೆ, "ಎಲ್ಲಿವರೆಗೆ ಬಂತಂತೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಗಾಳಿಗಿಂತ ಮುಂಚೆ ಗಾಳಿಸುದ್ದಿ ಬೀಸಿತು. ಅಣೆಕಟ್ಟು ಒಡೆದಿದೆ ಎಂದರು, ಊರಿಗೆ ಅಣೆಕಟ್ಟೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ಔಷಧಿ ಅಂಗಡಿಯವನು ಗಾಜಿನ ಬಾಗಿಲಿಗೆ ಅಡ್ಡಪಟ್ಟಿ ಅಂಟಿಸುತ್ತ ಅಂಟಿಸುತ್ತ ತಾನು ಒಳಗೇ ಉಳಿದುಬಿಟ್ಟ. ಹುಟ್ಟಿದಂದಿನಿಂದ ಹೆದರಿ ಅಭ್ಯಾಸವಿಲ್ಲದ ಜನ. ಎಲ್ಲಿಂದ ಶುರು ಮಾಡಬೇಕೆಂದೇ ಅವರಿಗೆ ತಿಳಿಯಲಿಲ್ಲ.

ಅಂಥವರೆಲ್ಲ ಒಬ್ಬೊಬ್ಬರಾಗಿ ಗಾಬರಿಯಮ್ಮನ ಬಾಗಿಲಿಗೆ ಬಂದರು. ಅವಳ ಮನೆಯಲ್ಲಿ ಮೇಣದಬತ್ತಿ ಇತ್ತು, ಬ್ಯಾಟರಿ ಇತ್ತು, ಕಾಗದಪತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು ಎಷ್ಟೋ ಕಾಲದಿಂದ ಹಾಗೇ ಇತ್ತು. ಔಷಧಿ ಅಂಗಡಿಯವನು ಹೇಗೋ ಹೊರಬಿದ್ದು ಬಂದು ಕೇಳಿದ, "ಏನಮ್ಮಾ, ನಿಮಗೆ ಭಯ ಆಗ್ತಿಲ್ವಾ?"

"ಆಗ್ತಿದೆಯಲ್ಲ. ಹಗ್ಗ ಆ ಕಡೆ ಹಿಡ್ಕೊಳಿ." ಹೊಲಿಗೆ ಯಂತ್ರವನ್ನು ಅವಳು ಅಟ್ಟಕ್ಕೆ ಏರಿಸುತ್ತಿದ್ದಳು. "ಭಯ ಅಂದ್ರೆ ಕಚ್ಚಾ ಹೊಲಿಗೆ ಇದ್ದಂಗೆ. ಹಾಕಿಟ್ಟಿದ್ರೆ ಒಳ್ಳೇದು. ಬೇಡ ಅಂದ್ರೆ ಎಳೆದು ಬಿಸಾಕಿದ್ರಾಯ್ತು."

ಇಷ್ಟು ವರ್ಷ ಗಾಳಿಗೆ ಗುದ್ದಾಡುತ್ತಿದ್ದವಳಿಗೆ ಕೊನೆಗೂ ನಿಜವಾದ ಗಾಳಿಯೇ ಎದುರಾಗಿತ್ತು. ಗುಡ್ಡದ ಮೇಲಿನ ಶಾಲೆಯಲ್ಲಿ ಎಲ್ಲರಿಗೂ ತಂಗಲು ವ್ಯವಸ್ಥೆಯಾಗಿತ್ತು. ಗಂಡ ಬೇಕರಿಯ ಬ್ರೆಡ್ಡಿನ ಜೊತೆ ಮುಂಚೆಯೇ ಹೋಗಿದ್ದ, ಮಗಳನ್ನೂ ಕರೆದೊಯ್ದಿದ್ದ. ಉಳಿದದ್ದು ಒಂದೇ ಕೆಲಸ: ಬೀದಿಯ ಕೊನೆಯಲ್ಲಿ, ಸಮುದ್ರದ ಎದುರಿಗೇ ಇರುವ ಮನೆಯಿಂದ ಅಕ್ಕ-ಭಾವನನ್ನು ಹೊರಡಿಸುವುದು.

ಅದು ಭಾವನವರು ತಾವೇ ನಿಂತು ಕಟ್ಟಿಸಿದ ಮನೆ. ಸಮುದ್ರ ಕಾಣಲೆಂದು ಮುಂದೆಲ್ಲ ಗಾಜು, ಮೇಲೆ ತಗಡಿನ ಚಾವಣಿ. ಗಾಜಿನ ಹಿಂದೆ ಬೆತ್ತದ ಕುರ್ಚಿ ಹಾಕಿಕೊಂಡು, ಹಡಗುಗಳು ಇನ್ನೂ ತಮ್ಮ ಅಪ್ಪಣೆ ಕಾಯುತ್ತಿವೆಯೋ ಎಂಬಂತೆ ಅವರು ಕೂತಿರುತ್ತಿದ್ದರು. ಬೆಳಿಗ್ಗೆ ಗಾಬರಿಯಮ್ಮ ಹೋದಾಗಲೂ ಹಾಗೇ ಕೂತಿದ್ದರು.

"ತಿರುಗುತ್ತಮ್ಮಾ" ಎಂದರು ಸಮುದ್ರದಿಂದ ಕಣ್ಣು ಕೀಳದೆ. "ಇವೆಲ್ಲ ಕೊನೇ ಗಳಿಗೇಲಿ ಉತ್ತರಕ್ಕೆ ತಿರುಗ್ತವೆ. ನನ್ನ ಸರ್ವೀಸಿನಲ್ಲಿ ಎಷ್ಟು ನೋಡಿಲ್ಲ."

"ಈ ಸಲದ್ದಕ್ಕೆ ಆ ವಿಷಯ ಗೊತ್ತಿದೆಯಾ ಭಾವ?"

"ನಿನಗೆ ನೆರಳು ಕಂಡ್ರೂ ಭಯ. ನಾನು ಆ ಸ್ಕೂಲಿನ ಜಮಖಾನದ ಮೇಲೆ ಊರವರ ಜೊತೆ ಬಿದ್ದುಕೊಳ್ಳೋನಲ್ಲ."

ಅಡುಗೆಮನೆಯಲ್ಲಿ ಅಕ್ಕ ಚೀಲ ತುಂಬಿ, ಮತ್ತೆ ಖಾಲಿ ಮಾಡಿ, ಮತ್ತೆ ತುಂಬುತ್ತಿದ್ದಳು. "ನೀನಾದರೂ ಬಾರೇ" ಎಂದಳು ತಂಗಿ.

"ಅವರನ್ನ ಬಿಟ್ಟು ಹೇಗೆ ಬರಲಿ? ಸಕ್ಕರೆ ಡಬ್ಬ ಯಾವುದು ಅಂತಾನೂ ಗೊತ್ತಿಲ್ಲ ಆ ಮನುಷ್ಯನಿಗೆ. ಅವರು ಎದ್ದರೆ ನಾನೂ ಬಂದೆ. ಇಲ್ಲ ಅಂದ್ರೆ ಇಬ್ಬರೂ ಇಲ್ಲೇ." ಅದನ್ನವಳು ತರಕಾರಿ ಮುಗಿದಿದೆ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು. ತಂಗಿ ಆ ಚೀಲದ ಬಾಯಿ ತಾನೇ ಕಟ್ಟಿದಳು. ತಾಯಿ ಹೋದ ಮೇಲೆ ತನ್ನ ತಲೆ ಬಾಚಿ, ಶಾಲೆಗೆ ಕಳಿಸಿ, ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದ ಅಕ್ಕ.

ಮಧ್ಯಾಹ್ನದ ಹೊತ್ತಿಗೆ ಆಕಾಶ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ತಿರುಗಿತು. ಬೀದಿಯ ನಾಯಿಗಳು ಎಲ್ಲಿ ಹೋದವೋ. ಪುರಸಭೆಯ ವ್ಯಾನು ಧ್ವನಿವರ್ಧಕದಲ್ಲಿ ಕೂಗಿಕೊಂಡು ಬಂತು: ಇದೇ ಕೊನೆಯ ಸರದಿ, ಹತ್ತುವವರು ಹತ್ತಿ. ಗಾಬರಿಯಮ್ಮ ಡ್ರೈವರನ ಕಿಟಕಿಯ ಹತ್ತಿರ ಹೋಗಿ, "ಕೊನೇ ಮನೆ ಮುಂದೆ ಸ್ವಲ್ಪ ನಿಲ್ಲಿಸಪ್ಪಾ. ನಾನು ಬರೋವರೆಗೆ ಹಾರ್ನ್ ಹೊಡೀಬೇಡ. ಅವರಿಗೆ ಅವಸರ ಮಾಡಿದ್ರೆ ಆಗಲ್ಲ" ಎಂದು ಹೇಳಿ, ತಾನು ಮಾತ್ರ ಓಡಿದಳು. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡಬೇಕೆಂದು ತೋಚಿರಲಿಲ್ಲ.

ಗಾಜುಗಳು ಗುಂಯ್ ಎನ್ನುತ್ತಿದ್ದವು. ತಗಡು ಒಂದೊಂದು ಸಲ ಎದ್ದು ಧಡ್ ಎಂದು ಕೂರುತ್ತಿತ್ತು. ಬಾಗಿಲು ತೆಗೆದ ಅಕ್ಕ ಪಿಸುಗುಟ್ಟಿದಳು, "ಆಗಿನಿಂದ ಮಾತಿಲ್ಲ ಕತೆಯಿಲ್ಲ. ನನ್ನ ಮೇಲೆ ಸಿಟ್ಟು ಅಂತ ಕಾಣುತ್ತೆ."

ಸಿಟ್ಟಲ್ಲವೆಂದು ಗಾಬರಿಯಮ್ಮನಿಗೆ ಹೊಸ್ತಿಲಲ್ಲೇ ಗೊತ್ತಾಯಿತು. ಭಾವ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದರು. ಹಣೆಯ ಮೇಲೆ ಬೆವರು, ತುಟಿ ಒಣಗಿತ್ತು. ಉಸಿರು ಮೇಲೆ ಮೇಲೆ ಹೋಗುತ್ತಿತ್ತೇ ಹೊರತು ಕೆಳಗೆ ಇಳಿಯುತ್ತಿರಲಿಲ್ಲ.

"ಬೆರಳ ತುದಿ ಜುಮ್ ಅಂತಿದೆಯಾ ಭಾವ?"

ಅವರು ಹೌದೆಂದು ತಲೆಯಾಡಿಸಿದರು.

"ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಂಗೆ? ಎದ್ದು ಓಡಬೇಕು, ಆದ್ರೆ ಕಾಲು ನಮ್ಮದಲ್ಲ ಅನ್ನೋ ಹಂಗೆ?"

"ನಿನಗೆ ಹೇಗೆ ಗೊತ್ತು?" ದನಿ ಅವರದಲ್ಲ ಎಂಬಂತಿತ್ತು.

"ನನ್ನ ವಾಸವೇ ಅಲ್ಲಿ, ಭಾವ."

"ಹಾರ್ಟು" ಎಂದರು. "ಹಾರ್ಟೇ ಇದು."

"ಇರಬಹುದು. ಹಾರ್ಟಾದ್ರೆ ನರ್ಸಮ್ಮ ಸ್ಕೂಲಲ್ಲಿದ್ದಾರೆ. ಗಾಬರಿಯಾದ್ರೆ ನಾನಿದ್ದೀನಿ, ನಾನೂ ಸ್ಕೂಲಿಗೇ ಹೊರಟಿದ್ದೀನಿ. ಎರಡಕ್ಕೂ ದಾರಿ ಒಂದೇ."

"ಏಳೋಕಾಗಲ್ಲಮ್ಮಾ."

ಅವಳು ಅಕ್ಕನ ಮುಖ ನೋಡಿದಳು, ಗಾಜು ನೋಡಿದಳು. ಅವಳ ಎದೆಯೂ ಆಗ ನಗಾರಿಯಾಗಿತ್ತು. ಕೈ ಕೊರಳಿಗೆ ಹೋಯಿತು, ಟೇಪು ಸಿಕ್ಕಿತು. ಸಿಕ್ಕಿದ್ದೇ ತಡ, ಬಾಯಿ ತನ್ನ ಕೆಲಸ ತಾನೇ ಮಾಡಿತು.

"ಎದ್ದು ನಿಲ್ಲಿ. ಅಳತೆ ತಗೋಬೇಕು."

ಟೇಪು ಹಿಡಿದ ಟೈಲರು ನಿಲ್ಲು ಎಂದರೆ ಕೂತಿರುವ ಮನುಷ್ಯ ಎಲ್ಲಿಯೂ ಇರಲಾರ. ಯಾಕೆ, ಏನು ಎಂದು ಯೋಚಿಸುವ ಮೊದಲೇ ಸೂಪರಿಂಟೆಂಡೆಂಟರು ಎದ್ದು ನಿಂತು ಕೈ ಅಗಲಿಸಿದರು. ಅಂಥ ಹೊತ್ತಿನಲ್ಲೂ ಹೊಟ್ಟೆ ಒಳಗೆ ಹೋಗಿತ್ತು.

"ಉಸಿರು ಬಿಡಿ ಭಾವ."

ಸ್ವಲ್ಪ ಬಿಟ್ಟರು.

"ಇನ್ನೂ ಇದೆ. ಬಿಡಿ. ಹೊಟ್ಟೆಯದ್ದೂ ಬಿಡಿ, ನಾನೇನು ಊರಿಗೆ ಹೇಳಲ್ಲ."

ಭಾವ ಬಿಟ್ಟರು. ಎಷ್ಟೋ ವರ್ಷಗಳಿಂದ ಹಿಡಿದಿಟ್ಟಿದ್ದಂತೆ ಉದ್ದಕ್ಕೆ ಬಿಟ್ಟರು. ಹೆಗಲು ಇಳಿಯಿತು. ಅವಳು ತೋಳಿನ ಅಳತೆ ತೆಗೆಯುತ್ತ ಒಂದು ಹೆಜ್ಜೆ ಹಿಂದೆ ಸರಿದಳು, ಅವರು ಒಂದು ಹೆಜ್ಜೆ ಮುಂದೆ ಬಂದರು. "ಬೆಳಕಿಗೆ ಬನ್ನಿ, ಇಲ್ಲಿ ಕಾಣಲ್ಲ" ಎಂದಳು. ಹಾಗೆ ಬೆನ್ನು, ಕತ್ತು, ಮತ್ತೆ ಬೆನ್ನು ಅಳೆಯುತ್ತ ಅಳೆಯುತ್ತ ಅವರನ್ನು ವ್ಯಾನಿನವರೆಗೆ ಕರೆತಂದಳು. ಹಿಂದೆ ಅಕ್ಕ, ಕೈಯಲ್ಲಿ ಸಕ್ಕರೆ ಡಬ್ಬ. ಡ್ರೈವರ್ ಬಾಯಿ ತೆರೆದು ನೋಡಿದ. ಚಂಡಮಾರುತಕ್ಕೆ ಹೊಸ ಬಟ್ಟೆ ಹೊಲಿಸುವವರನ್ನು ಅವನು ಅದೇ ಮೊದಲು ಕಂಡದ್ದು.

ಶಾಲೆಯಲ್ಲಿ ನರ್ಸಮ್ಮ ಪರೀಕ್ಷಿಸಿ ಹಾರ್ಟು ಗಟ್ಟಿಯಾಗಿದೆ ಎಂದಳು. ಆ ಗಳಿಗೆಯಿಂದ ಭಾವ ಮತ್ತೆ ಸೂಪರಿಂಟೆಂಡೆಂಟರಾದರು. ಕತ್ತಲಾಗುವ ಮೊದಲೇ ಗಾಳಿ ಗುಡ್ಡಕ್ಕೆ ಅಪ್ಪಳಿಸಿ, ಶಾಲೆಯ ಬಾಗಿಲುಗಳು ನಡುಗತೊಡಗಿದಾಗ, ಅವರು ಜಮಖಾನದಿಂದ ಜಮಖಾನಕ್ಕೆ ಹೋಗಿ ಭಾಷಣ ಮಾಡುತ್ತಿದ್ದರು. "ಉಸಿರು ತಗೊಳ್ಳೋದು ಮುಖ್ಯ ಅಲ್ಲ ರೀ, ಬಿಡೋದು ಮುಖ್ಯ. ಪೂರ್ತಿ ಬಿಡಿ. ಇದೊಂದು ಪದ್ಧತಿ. ಅನುಭವದಿಂದ ಹೇಳ್ತಿದ್ದೀನಿ." ಔಷಧಿ ಅಂಗಡಿಯವನು ಕಣ್ಣುಮುಚ್ಚಿ ಬಿಡುತ್ತಿದ್ದ. ಗಂಡ ಬ್ರೆಡ್ಡು ಹಂಚುತ್ತ ಹೆಂಡತಿಯ ಕಿವಿಯಲ್ಲಿ, "ನಿನ್ನ ಇಲಾಖೆ ವರ್ಗಾವಣೆ ಆಯ್ತಲ್ಲೇ" ಎಂದ.

ಗಾಬರಿಯಮ್ಮ ನಗಲಿಲ್ಲ. ಮಾಡಬೇಕಾದ ಕೆಲಸವೆಲ್ಲ ಮುಗಿದಿತ್ತು. ಅಕ್ಕ ಎದುರಿಗೇ ಕೂತಿದ್ದಳು, ಮಗಳು ಮಡಿಲಲ್ಲಿದ್ದಳು. ಈಗ ಅವಳ ಸ್ವಂತ ಭಯ, ಇಷ್ಟು ಹೊತ್ತು ಬಾಗಿಲಲ್ಲಿ ಕಾದು ನಿಂತಿದ್ದದ್ದು, ನಿಧಾನಕ್ಕೆ ಒಳಗೆ ಬಂದು ಕೂತಿತ್ತು. ಕೈ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿತ್ತು.

ಭಾಷಣ ಮಾಡುತ್ತ ಅವಳವರೆಗೆ ಬಂದ ಭಾವ ನಿಂತರು. "ನಿನಗೇನು ಹೇಳೋದು, ನಿನಗೆ ಗೊತ್ತಿರೋದೇ" ಎಂದು ಮುಂದೆ ಹೊರಟವರು ಆ ಕೈ ನೋಡಿದರು.

"ಹೇಳಿ ಭಾವ" ಎಂದಳು ಅವಳು. "ನನಗೆ ಇದುವರೆಗೆ ಯಾರೂ ಹೇಳಿಲ್ಲ."

ಅವರು ಪಕ್ಕದಲ್ಲಿ ಜಮಖಾನದ ಮೇಲೇ ಕೂತರು. ಭಾಷಣದ ದನಿ ಬಿಟ್ಟು, "ಬಿಡಮ್ಮಾ" ಎಂದರು. "ಇನ್ನೂ ಇದೆ. ಬಿಡು." ಗಾಳಿ ಸಣ್ಣದಾಗುವವರೆಗೂ ಅಷ್ಟನ್ನೇ ಹೇಳುತ್ತ ಅಲ್ಲೇ ಕೂತಿದ್ದರು.

ಮರುದಿನ ಭಾವನ ಮನೆಗೆ ಹೋಗಿ ನೋಡಿದರೆ ಗಾಜೆಂಬುದು ಒಂದೂ ಇರಲಿಲ್ಲ. ಚಾವಣಿಯ ತಗಡು ಬೆತ್ತದ ಕುರ್ಚಿಯನ್ನು ಎರಡಾಗಿ ಸೀಳಿಕೊಂಡು ಒಳಗೆ ಬಿದ್ದಿತ್ತು. ಭಾವ ಕುರ್ಚಿಯ ಒಂದು ಹೋಳನ್ನು ಎತ್ತಿ ಗೋಡೆಗೆ ಒರಗಿಸಿದರು. ಉತ್ತರಕ್ಕೆ ತಿರುಗುವ ಮಾತು ತೆಗೆಯಲಿಲ್ಲ.

ಯಂತ್ರ ಅಟ್ಟದಿಂದ ಇಳಿದ ಮೇಲೆ ಮೊದಲು ಬಂದ ಗಿರಾಕಿ ಅವರೇ. ಕನ್ನಡಿಯ ಮುಂದೆ ನಿಂತು, ಯಾರೂ ಹೇಳದೆ ಉಸಿರು ಬಿಟ್ಟು, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟರು. ಆ ಅಳತೆಗೆ ಹೊಲಿದ ಅಂಗಿ ಅವರಿಗೆ ಹೇಳಿ ಮಾಡಿಸಿದಂತೆ ಕೂತಿತು.

"ನೋಡಿದೆಯಾ" ಎಂದರು ಅಕ್ಕನಿಗೆ ತೋರಿಸುತ್ತ, "ಇವಳ ಕೈ ಈಗ ಕುದುರಿದೆ."

"ಹೂಂ ಭಾವ" ಎಂದಳು ಗಾಬರಿಯಮ್ಮ. ಹೇಳಿ, ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ನೋಡಲು ಒಳಗೆ ಓಡಿದಳು.