ತುದಿಯ ಬಿರಡೆ

ನಮ್ಮ ಭಾವ ಹೋಲ್ಗರ್ ಬದುಕಿನಲ್ಲಿ ಕಲಿತದ್ದು ಎರಡೇ ವಿದ್ಯೆ. ಒಂದು, ಬೇರೆ ಯಾರೂ ಮುಟ್ಟಲೊಲ್ಲದ ಹಳೆಯ ಕಂಪ್ಯೂಟರುಗಳನ್ನು ಬದುಕಿಸುವುದು. ಇನ್ನೊಂದು, ಗುದ್ದುವುದು. ಎರಡನ್ನೂ ಯಾವ ಶಾಲೆಯೂ ಅವನಿಗೆ ಹೇಳಿಕೊಡಲಿಲ್ಲ. ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಿದ್ದ.

ಭಾವ ಅಂದರೆ ನನ್ನ ಅಕ್ಕ ಟೋವೆಯ ಗಂಡ. ಲಿಮ್‌ಫ್ಯೋರ್ಡ್ ಕೊಲ್ಲಿಯ ಉತ್ತರ ದಂಡೆಯ ನಮ್ಮ ಹಂದಿ ಕಸಾಯಿಖಾನೆಯಲ್ಲಿ ಅವನು ಎಲೆಕ್ಟ್ರಿಷಿಯನ್, ನಾನು ಚುಚ್ಚುವವನು. ಗ್ಯಾಸಿನಲ್ಲಿ ಎಚ್ಚರ ತಪ್ಪಿದ ಹಂದಿ ಹಿಂಗಾಲಿಗೆ ಸರಪಳಿ ಬಿಗಿಸಿಕೊಂಡು ತಲೆಕೆಳಗಾಗಿ ನನ್ನ ಮುಂದೆ ಬರುತ್ತದೆ. ಕುತ್ತಿಗೆಯ ಬುಡಕ್ಕೆ ಚೂರಿ ಹಾಕಿ ಎಳೆಯುತ್ತೇನೆ. ಬಿಸಿ ರಕ್ತ ಮೊಣಕೈವರೆಗೆ ಹಾರುತ್ತದೆ. ಆಮೇಲೆ ಮುಂದಿನದು. ಇದನ್ನು ಕೇಳಿ ಮುಖ ಸಿಂಡರಿಸುವವರು ನಮ್ಮೂರಲ್ಲೂ ಇದ್ದಾರೆ. ಭಾನುವಾರ ಅವರ ತಟ್ಟೆಯಲ್ಲಿ ಗರಿಗರಿ ಚರ್ಮದ ಹಂದಿಮಾಂಸ ಇರುತ್ತದೆ. ಅವರ ವಿಷಯ ಮಾತಾಡಿದರೆ ನನ್ನ ಬಾಯಿ ಹೊಲಸಾಗುತ್ತದೆ, ಬಿಡಿ.

ನನ್ನ ಚೂರಿಯಿಂದಾಚೆಗೆ ಎಲ್ಲವೂ ಕಂಪ್ಯೂಟರಿನ ಕಾರುಬಾರು. ಪ್ರತಿ ಕೊಕ್ಕೆಗೂ ಒಂದು ನಂಬರು. ಆ ಹಂದಿ ಯಾವ ರೈತನದು, ಎಷ್ಟು ತೂಗಿತು, ಕೊಬ್ಬು ಎಷ್ಟು ದಪ್ಪ, ಪಶುವೈದ್ಯ ಏನೆಂದ, ಎಲ್ಲವೂ ನಂಬರಿನ ಹಿಂದೆಯೇ ಹೋಗಬೇಕು. ಹೋಗದಿದ್ದರೆ ಕೊಕ್ಕೆಗಳ ಸಾಲು ತಾನಾಗಿಯೇ ನಿಂತುಬಿಡುತ್ತದೆ. ಸಾಲಿನುದ್ದಕ್ಕೂ ಸ್ಟೀಲ್ ಪೆಟ್ಟಿಗೆಗಳೊಳಗೆ ಕೂತಿದ್ದ ಆ ಕಂಪ್ಯೂಟರುಗಳು ಓಎಸ್ ಟೂ ಎಂಬ ಹಳೆಯ ವ್ಯವಸ್ಥೆಯ ಮೇಲೆ ಓಡುತ್ತಿದ್ದವು. ಅದನ್ನು ಹೆತ್ತವರೇ ಎಂದೋ ಕೈತೊಳೆದುಕೊಂಡಿದ್ದರು. ಒಳಗಿನ ಸರ್ಕ್ಯೂಟ್ ಕಾರ್ಡು ಕೆಟ್ಟು ಹೊಸದು ತಂದು ಹಾಕಿದರೆ ಅದಕ್ಕೆ ಗುರುತು ಹತ್ತುವುದಿಲ್ಲ. ಹಳೆಯ ಕಾರ್ಡು ಯಾವ ಅಂಗಡಿಯಲ್ಲೂ ಇಲ್ಲ. ಎಲ್ಲಾದರೂ ಇದೇ ಹಳೆಯ ಯಂತ್ರಗಳಿದ್ದ ಬ್ಯಾಂಕಿನ ಶಾಖೆ ಮುಚ್ಚಿತೆಂದು ಕೇಳಿದರೆ ಭಾವ ಟ್ರೇಲರ್ ಕಟ್ಟಿಕೊಂಡು ಓಡುತ್ತಿದ್ದ. ಅವರು ಎಸೆದ ಯಂತ್ರಗಳ ಹೊಟ್ಟೆ ಬಗೆದು ಕಾರ್ಡು ಕಿತ್ತುಕೊಳ್ಳುತ್ತಿದ್ದ. ನಾನು ಹಂದಿಗೆ ಮಾಡುವುದನ್ನೇ ಅವನು ಅವಕ್ಕೆ ಮಾಡುತ್ತಿದ್ದ.

ಈ ವಿದ್ಯೆ ಅವನಿಗೆ ಸಿಕ್ಕಿದ್ದೂ ಹೊಡೆದಾಟದಲ್ಲೇ. ಯಂತ್ರಗಳನ್ನು ಕೂರಿಸಲು ಬಂದಿದ್ದ ಒಬ್ಬ ಡಚ್ಚಿನವನಿಗೂ ಇವನಿಗೂ ಊರಿನ ಹೋಟೆಲಿನಲ್ಲಿ ಬಿಯರಿನ ಮೇಲೆ ಜಗಳ ಹತ್ತಿ, ಇಬ್ಬರೂ ಕುರ್ಚಿ ಮುರಿದುಕೊಂಡು ಬೀದಿಗೆ ಬಿದ್ದಿದ್ದರು. ಮರುದಿನ ಬೆಳಿಗ್ಗೆ ತುಟಿ ಊದಿಸಿಕೊಂಡು ಅಕ್ಕಪಕ್ಕ ಕೂತರು. ಆ ಡಚ್ಚಿನವನು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿಕೊಟ್ಟ. "ಹೊಡೆತ ತಿಂದೋನು ಸುಳ್ಳು ಹೇಳಲ್ಲ ಕಣೋ, ಪುರುಸೊತ್ತಿರಲ್ಲ," ಎಂದು ಭಾವ ಆಮೇಲೆ ನಗುತ್ತಿದ್ದ.

ಆದರೆ ಆ ವಿದ್ಯೆಗೆ ನಮ್ಮ ಕಸಾಯಿಖಾನೆಯ ಗೋಡೆಯಾಚೆ ಬೆಲೆಯಿರಲಿಲ್ಲ. ಅಂಥ ಯಂತ್ರ ಸುತ್ತಮುತ್ತ ಬೇರೆಲ್ಲೂ ಉಳಿದಿರಲಿಲ್ಲ. ಐವತ್ತು ದಾಟಿದವನು, ಮುಂಗೋಪಿ, ಸತ್ತ ವ್ಯವಸ್ಥೆಯ ವೈದ್ಯ. ಈ ಕೆಲಸ ಹೋದರೆ ಅವನನ್ನು ಕರೆಯುವವರು ಯಾರು? ಕೆಲಸವೋ ಆಗಲೇ ನೂಲಿನ ಮೇಲೆ ತೂಗುತ್ತಿತ್ತು. ಅವನು ತೆರೆದ ಯಂತ್ರದೊಳಗೆ ಎರಡೂ ಕೈ ಹಾಕಿದ್ದಾಗ ಒಬ್ಬ ಕಟುಕ ತಮಾಷೆಗೆಂದು ಹಂದಿಯ ಕಿವಿ ಕತ್ತರಿಸಿ ಅವನ ಕೊರಳಿಗೆ ಎಸೆದಿದ್ದ. ಭಾವ ಸ್ಕ್ರೂಡ್ರೈವರನ್ನು ಜೋಪಾನವಾಗಿ ಕೆಳಗಿಟ್ಟು, ತಿರುಗಿ, ಅವನ ಹೆಗಲ ಮೂಳೆ ಮುರಿದ. ಮ್ಯಾನೇಜರ್ ಉಲ್ಲಾ ಕರೆಸಿ ಒಂದೇ ಮಾತು ಹೇಳಿದಳು.

"ಹೋಲ್ಗರ್, ಗೇಟಿನೊಳಗೆ ಇನ್ನೊಂದು ಗುದ್ದು ಬಿದ್ರೆ ನೀನು ಗೇಟಿನ ಹೊರಗೆ."

ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ಅಕ್ಕನ ಮಂತ್ರ ಶುರುವಾಯಿತು: "ಊಟದ ಡಬ್ಬಿ ತಗೊಂಡ್ಯಾ? ಕೈ ಜೇಬಲ್ಲಿದ್ಯಾ?"

"ಎರಡೂ ಕೈ ಜೇಬಲ್ಲಿಟ್ಕೊಂಡ್ರೆ ಡಬ್ಬಿ ಹಲ್ಲಲ್ಲಿ ಕಚ್ಕೊಂಡು ಹೋಗ್ಲಾ?"

"ಕಚ್ಕೊಂಡು ಹೋಗು. ಬಾಯಿಗಾದ್ರೂ ಕೆಲಸ ಸಿಗುತ್ತೆ."

ಆ ಬೇಸಿಗೆ ನಮಗೊಬ್ಬ ಹೊಸ ಮೇಸ್ತ್ರಿ ಬಂದ, ಗೋರ್ಮ್ ಎಂದು. ಹೊಸಬನೇನಲ್ಲ, ನಿನ್ನೆ ಮೊನ್ನೆಯವರೆಗೆ ನಮ್ಮ ಪಕ್ಕದಲ್ಲೇ ಹಂದಿಯ ಬೆನ್ನು ಸೀಳುತ್ತಿದ್ದವನು. ಬಿಳಿ ಟೋಪಿ ತೆಗೆದು ಹಸಿರು ಟೋಪಿ ಹಾಕಿಸಿದ ಕೂಡಲೇ ಅವನ ಕೊರಳು ಉದ್ದವಾಯಿತು. ಹೊರದೇಶದ ಖರೀದಿದಾರರು ನೋಡಲು ಬರುತ್ತಾರೆಂದು ಉಲ್ಲಾ ಹೇಳಿದ್ದೇ ತಡ, ಇವನು ಗುಡಿಸು, ತೊಳೆ, ಒರೆಸು ಎಂದು ನಮ್ಮ ತಲೆ ತಿಂದ. ತಾನೂ ಬಟ್ಟೆ ಹಿಡಿದು ಮೂಲೆ ಮೂಲೆ ಒರೆಸುತ್ತ ಓಡಾಡಿದ.

ಖರೀದಿದಾರರು ಬರುವ ದಿನ ಬೆಳಗಿನ ಬಿಡುವು ಮುಗಿಸಿ ಹೋಗಿ ಚೂರಿ ಹಿಡಿದೆವು. ಸಾಲು ಒಂದು ಮಾರು ಜಗ್ಗಿ ನಿಂತಿತು. ಮೇಲಿನ ಕೆಂಪು ದೀಪ ಹೊತ್ತಿತು. ತೂಕದ ಯಂತ್ರದ ಪರದೆಯಲ್ಲಿ ನಂಬರುಗಳ ಜಾಗದಲ್ಲಿ ಬರೀ ಗೆರೆಗಳು.

ಜುಲೈ ತಿಂಗಳ ಸೆಕೆ. ಅರ್ಧ ರಕ್ತ ಬಸಿದ ಹಂದಿಗಳು ನನ್ನ ಮುಂದೆ ತೂಗಾಡುತ್ತಿದ್ದವು. ಕುದಿನೀರಿನ ತೊಟ್ಟಿಯಲ್ಲಿ ಸಿಕ್ಕಿಕೊಂಡವು ಬೆಂದು ಚರ್ಮ ಬಿಡತೊಡಗಿದವು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ವಾರ ಬಿಡುವುದಿಲ್ಲ. ಹಿಂದಿನ ದೊಡ್ಡಿಯಲ್ಲಿ ಇನ್ನೂ ಜೀವಂತ ಇದ್ದವು ಒಂದರ ಮೇಲೊಂದು ಹತ್ತಿ ಬಾಲ, ಕಿವಿ ಕಚ್ಚಿ ಕೀಳತೊಡಗಿದವು. ಒಂದು ಬಿದ್ದಿತು. ಉಳಿದವು ಅದರ ಹೊಟ್ಟೆಗೇ ಬಾಯಿ ಹಾಕಿದವು. ಹೊರಗೆ ಲಾರಿಯವರು ಹಾರ್ನ್ ಒತ್ತುತ್ತ, ಕೆಳಗಿಳಿದು, ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದರು. ಒಳಗೆ ನಾವು ಹಂದಿಯ ಲೆಕ್ಕದ ಮೇಲೆ ಕೂಲಿ ಪಡೆಯುವವರು. ಸಾಲು ನಿಂತರೆ ನಮ್ಮ ರಕ್ತ ಕುದಿಯುತ್ತದೆ.

ಭಾವ ತನ್ನ ಚೀಲದೊಂದಿಗೆ ಬಂದ. ಮೊದಲು ತೂಕದ ಯಂತ್ರದ ಪೆಟ್ಟಿಗೆ ಬಿಚ್ಚಿದ. ಹಬೆ, ಕೊಬ್ಬು ಕೂತು ಆಗಾಗ ಕೆಡುತ್ತಿದ್ದದ್ದು ಅದರ ಕಾರ್ಡೇ. ಕಿತ್ತು, ಮಕ್ಕಳ ರಬ್ಬರಿನಿಂದ ಅದರ ಹಲ್ಲು ಉಜ್ಜಿ, ಮತ್ತೆ ಕೂರಿಸಿ, ಪೆಟ್ಟಿಗೆಯ ಪಕ್ಕೆಗೆ ಅಂಗೈಯಿಂದ ಒಂದು ಬಿಟ್ಟ. ಯಂತ್ರ ಎದ್ದಿತು. ಗೆರೆಗಳು ಹೋಗಲಿಲ್ಲ.

"ಏನಯ್ಯಾ ಹೋಲ್ಗರ್, ಯಂತ್ರಕ್ಕೂ ಹೊಡೀತೀಯಾ?" ಎಂದು ಗೋರ್ಮ್ ಹಿಂದಿನಿಂದ ಕೂಗಿದ. "ಹೆಂಡತಿ ಹತ್ರ ಆಗಲ್ಲ ಅಂತ ಇಲ್ಲಿ ತೀರಿಸ್ಕೊಳ್ತಿದ್ದೀಯಾ?"

ಭಾವನ ಕಿವಿ ಕೆಂಪಾಯಿತು. ಕೈ ಜೇಬಿಗೆ ಹೋಯಿತು. "ಗೋರ್ಮ್, ನೀನು ದೂರ ನಿಂತ್ಕೊ. ನಿನಗೇ ಒಳ್ಳೇದು."

"ಗಡಿಯಾರ ನೋಡು! ಅತಿಥಿಗಳು ದಾರೀಲಿದ್ದಾರೆ! ನಿನ್ನ ಗುಜರಿ ನನ್ನ ಮಾನ ಕಳೀತಿದೆ!"

ಆ ಯಂತ್ರಗಳನ್ನೆಲ್ಲ ಪೋಣಿಸಿದ್ದು ಒಂದೇ ಒಂದು ಕಪ್ಪು ತಂತಿ. ಒಂದರ ಬೆನ್ನಿಂದ ಇನ್ನೊಂದರ ಬೆನ್ನಿಗೆ, ಗ್ಯಾಸಿನ ಕಡೆಯಿಂದ ಹೊರಟು ಕೋಲ್ಡ್ ರೂಮಿನವರೆಗೆ. ಅದರ ಎರಡು ತುದಿಗೂ ಹೆಬ್ಬೆರಳ ಉಗುರಿನಷ್ಟು ಲೋಹದ ಬಿರಡೆ. ಬಿರಡೆ ಇಲ್ಲದಿದ್ದರೆ ತಂತಿಯಲ್ಲಿ ಹೋದ ಮಾತು ತುದಿ ಮುಟ್ಟಿ, ಗೋಡೆಗೆ ಹೊಡೆದ ಚೆಂಡಿನಂತೆ ವಾಪಸು ಬಂದು ಹಿಂದಿನ ಮಾತಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಒಂದು ಯಂತ್ರಕ್ಕೂ ಇನ್ನೊಂದು ಹೇಳಿದ್ದು ಕೇಳುವುದಿಲ್ಲ. ಜಾತ್ರೆಯಲ್ಲಿ ಜಗಳ ಬಿದ್ದ ಹಾಗೆ ಎಲ್ಲವೂ ಒಟ್ಟಿಗೆ ಅರಚುತ್ತವೆ. ಇದನ್ನು ಭಾವ ಆಮೇಲೆ ನನಗೆ ಹೇಳಿದ್ದು. ಆ ಹೊತ್ತು ನನಗೆ ಕಂಡಿದ್ದು ಇಷ್ಟೇ: ನಡುವಿನ ಪೆಟ್ಟಿಗೆಯಲ್ಲಿ ತಂತಿ ಬಿಚ್ಚಿ ತನ್ನ ಚೀಲದ ಬಿರಡೆಯೊಂದನ್ನು ಸಿಕ್ಕಿಸಿದ; ಗ್ಯಾಸಿನ ಕಡೆಯ ಅರ್ಧ ಜೀವ ಪಡೆಯಿತು. ರೋಗ ಆಚೆ ಅರ್ಧದಲ್ಲಿ. ಬಿರಡೆ ಕಿತ್ತು ಇನ್ನೂ ಮುಂದಿನ ಪೆಟ್ಟಿಗೆಗೆ ಹೋದ. ಅಲ್ಲಿಯವರೆಗೂ ಸರಿ. ಮತ್ತೆ ಮುಂದೆ. ನಾವು ಏಳೆಂಟು ಜನ ಸುಮ್ಮನೆ ನಿಲ್ಲಲಾರದೆ ಅವನ ಹಿಂದೆಯೇ ಹೋದೆವು. ಗೋರ್ಮ್ ಬೈಯುತ್ತ ಜೊತೆಗೇ ಬಂದ.

ಕೋಲ್ಡ್ ರೂಮಿನ ಬಾಗಿಲ ಬಳಿಯ ಕೊನೆಯ ಪೆಟ್ಟಿಗೆ. ಭಾವ ಬಗ್ಗಿ ಅದರ ಬೆನ್ನು ತಡವಿದ. ಹಾಗೇ ನಿಂತ.

"ಇಲ್ಲಿದ್ದ ಬಿರಡೆ ಎಲ್ಲಿ?"

ನಮ್ಮ ಕಡೆ ತಿರುಗಿ ಹೆಬ್ಬೆರಳ ಉಗುರು ತೋರಿಸಿದ.

"ಇಷ್ಟೇ ಇಷ್ಟು. ಸ್ಟೀಲಿಂದು. ಯಾವನು ಕಿತ್ತಿದ್ದು?"

ಗೋರ್ಮ್ ಜೇಬಿಗೆ ಕೈ ಹಾಕಿ, ತಂಬಾಕಿನ ಡಬ್ಬಿಯ ಜೊತೆ ಅದನ್ನು ಹೊರತೆಗೆದ. "ಇದಾ? ಇದಕ್ಕೆ ತಂತಿನೇ ಇರಲಿಲ್ಲವಲ್ಲೋ. ಸುಮ್ನೆ ಕೊಬ್ಬು ಹಿಡ್ಕೊಂಡು ಕೂತಿತ್ತು. ಬಿಡುವಲ್ಲಿ ಒರೆಸೋಕೆ ಅಡ್ಡ ಬಂತು, ಬಿಚ್ಚಿದೆ."

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೇ ನನ್ನನ್ನು ಹುಚ್ಚನನ್ನಾಗಿ ಮಾಡಿತು. ಬೆಳಗಿನಿಂದ ನಮ್ಮನ್ನು ಬೈದವನು, ಭಾವನನ್ನು ಹೆಂಡತಿಯ ಹೆಸರೆತ್ತಿ ಹಂಗಿಸಿದವನು, ಇಡೀ ಸಾಲಿನ ಕುತ್ತಿಗೆ ತನ್ನ ಜೇಬಲ್ಲಿಟ್ಟುಕೊಂಡು ತಿರುಗಿದ್ದ.

"ಮುಂಡೇದೇ!" ಎಂದು ಯಾರೋ ಕೂಗಿದರು. ಒಂದು ಖಾಲಿ ಕೊಕ್ಕೆ ಗಾಳಿಯಲ್ಲಿ ಹಾರಿ ಗೋರ್ಮನ ಕಿವಿ ಹರಿಯಿತು. ಟೋಪಿ ಬಿತ್ತು. ಬಿರಡೆ ನೆಲಕ್ಕೆ ಉರುಳಿತು. ಅವನು ಗೋಡೆಗೆ ಒತ್ತಿಕೊಂಡ. ಎಲ್ಲರಿಗಿಂತ ಮುಂದೆ ನುಗ್ಗಿದವನು ನಾನು. ಚೂರಿ ಕೈಯಲ್ಲಿತ್ತು. ಚುಚ್ಚಬೇಕೆಂದು ಹಿಡಿದಿರಲಿಲ್ಲ, ಕೆಲಸದ ಹೊತ್ತಿನಲ್ಲಿ ಅದು ಕೈಯಲ್ಲೇ ಇರುತ್ತದೆ.

ಭಾವ ನಡುವೆ ಬಂದ. ಅವನ ಮುಖ ನನಗೆ ಕಾಣಿಸಲಿಲ್ಲ, ಮುಷ್ಟಿ ಮಾತ್ರ ಕಂಡಿತು. ನನ್ನ ದವಡೆ ಒಣಕಟ್ಟಿಗೆಯ ಹಾಗೆ ಲಟಕ್ಕೆಂದಿತು. ನೆಲದಲ್ಲಿ ಬಿದ್ದು ಎರಡು ಹಲ್ಲು ಉಗುಳುತ್ತ ನೋಡಿದೆ: ನನ್ನ ಹಿಂದೆ ಬಂದವನ ಹೊಟ್ಟೆಗೆ ಒಂದು, ಅವನ ಹಿಂದಿನವನ ಮೂಗಿಗೆ ಒಂದು. ಇನ್ನೊಬ್ಬ ಚೂರಿ ಮಸೆಯುವ ಉಕ್ಕಿನ ಕೋಲಿನಿಂದ ಭಾವನ ಹುಬ್ಬು ಸೀಳಿದ. ಭಾವ ಅವನನ್ನು ಎತ್ತಿ ಕರುಳಿನ ಗಾಡಿಗೆ ಎಸೆದ. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಭಾವ ನನ್ನ ಮಣಿಕಟ್ಟಿನ ಮೇಲೆ ಬೂಟು ಇಟ್ಟು ಚೂರಿ ಬಿಡಿಸಿದ. "ನೀನು ಚುಚ್ಚೋನು ಕಣೋ ಐವಿಂಡ್. ದಿನಾ ಸಾವಿರ ಸಲ ಹೋದ ಜಾಗಕ್ಕೇ ನಿನ್ನ ಕೈ ಹೋಗುತ್ತೆ. ನಿನ್ನನ್ನ ಕೇಳಲ್ಲ ಅದು."

ಮತ್ತೆ ರಕ್ತದಲ್ಲಿ ತಡವಿ ಬಿರಡೆ ಹುಡುಕಿದ, ಅಂಗಿಗೆ ಒರೆಸಿದ, ತಿರುಗಿಸಿ ಕೂರಿಸಿದ. ಗೆರೆಗಳು ಹೋಗಿ ನಂಬರು ಬಂದವು. ಸಾಲು ಜಗ್ಗಿ ಹೊರಟಿತು. ಅವನ ಹುಬ್ಬಿನಿಂದ ಇಳಿದ ರಕ್ತ ಮೂಗಿನ ತುದಿಯಿಂದ ಹನಿಯುತ್ತಿತ್ತು.

ಉಲ್ಲಾಳ ಕೋಣೆಯಲ್ಲಿ ನಾನೇ ಮೊದಲು ಬಾಯಿ ಬಿಟ್ಟೆ, ಬಿಡಲು ಬಂದಷ್ಟು. "ಕೊಬ್ಬಿನ ಮೇಲೆ ಜಾರಿದೆ. ಕಂಬಕ್ಕೆ ದವಡೆ ತಾಗ್ತು."

"ನಾಲ್ಕು ಜನಾನೂ ಜಾರಿದ್ರಾ?" ಎಂದಳು ಉಲ್ಲಾ.

"ನೆಲ ತುಂಬಾ ಒರೆಸಿದ್ರು."

ಅವಳು ಗೋರ್ಮನ ಕಡೆ ತಿರುಗಿದಳು. ಅವನು ಹರಿದ ಕಿವಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಭಾವ ಅಡ್ಡ ಬರದಿದ್ದರೆ ಈ ಹೊತ್ತಿಗೆ ಶವವಾಗಿರುತ್ತಿದ್ದವನು. "ಹೊಡೆದ," ಎಂದ. ಯಾಕೆ ಹೊಡೆದ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

"ಹೋಲ್ಗರ್, ನೀನೇನಂತೀಯಾ? ಜಾರಿದ್ರು ಅಂತ ನೀನೂ ಅಂದ್ರೆ ನಾನು ಹಾಗೇ ಬರ್ಕೋತೀನಿ."

ಬಾಗಿಲು ತೆರೆದುಕೊಟ್ಟಿದ್ದಳು ಪಾಪ. ಭಾವನಿಗೆ ಆ ಬಾಗಿಲಲ್ಲಿ ತಲೆ ಬಗ್ಗಿಸಲು ಬರಲಿಲ್ಲ. "ಹೊಡೆದೆ. ನಾಲ್ಕು ಜನಕ್ಕೂ ನಾನೇ ಹೊಡೆದಿದ್ದು. ನನ್ನ ಗುದ್ದಿಗೆ ನೆಲದ ಹೆಸರಿಡಬೇಡಿ."

ಗೇಟಿನ ಹೊರಗಾದ. ಅವನಿಗಾಗಿ ನಮ್ಮವರು ಚೂರಿ ಕೆಳಗಿಟ್ಟು ಮನೆಗೆ ಹೋದರು. ಒಂದು ದಿನ ಸಾಲು ಸತ್ತಿತು, ಮರುದಿನ ಹೊಟ್ಟೆ ಕೇಳಲಿಲ್ಲ, ವಾಪಸು ಬಂದರು. ನಾನು ದವಡೆಗೆ ತಂತಿ ಹಾಕಿಸಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಪಾತ್ರೆ ಒರೆಸುವ ಒದ್ದೆ ಬಟ್ಟೆಯಿಂದ ನನ್ನ ಮುಖಕ್ಕೇ ಬಾರಿಸಿದಳು.

"ಚೂರಿ ಹಿಡ್ಕೊಂಡು ನುಗ್ತೀಯೇನೋ ಮನುಷ್ಯನ ಮೇಲೆ? ನನ್ನ ಗಂಡನ ಅನ್ನ ಕಿತ್ಯಲ್ಲೋ!"

ಭಾವ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಬೇಸಿಗೆಯಲ್ಲಿ ಯಾರಿಗೂ ಬೇಡದ ಸೌದೆ. ಆಲ್‌ಬೋರ್ಗ್ ಪಟ್ಟಣದಲ್ಲಿ ಮೂರು ಕಡೆ ಕೆಲಸ ಕೇಳಿ ಬಂದಿದ್ದನಂತೆ. ಏನು ಬರುತ್ತದೆ ಎಂದು ಕೇಳಿದರಂತೆ. ಇವನು ಹೇಳಿದನಂತೆ. ಅವರು ನಕ್ಕರಂತೆ. ಅಲ್ಲೂ ಕೈ ಜೇಬಲ್ಲೇ ಇಟ್ಟುಕೊಂಡು ಬಂದಿದ್ದ.

ಆಗಸ್ಟಿನಲ್ಲಿ ತೂಕದ ಯಂತ್ರದ ಕಾರ್ಡು ಪೂರ್ತಿ ಸತ್ತಿತು. ಹೊರಗಿನಿಂದ ಬಂದವರು, ಎಲ್ಲ ಕಿತ್ತು ಹೊಸದು ಹಾಕಬೇಕು, ಚಳಿಗಾಲದವರೆಗೆ ಹಿಡಿಯುತ್ತದೆ ಎಂದರು. ದೊಡ್ಡಿಯಲ್ಲಿ ಹಂದಿಗಳು ಮತ್ತೆ ಕಚ್ಚಾಡತೊಡಗಿದವು. ಸಂಜೆ ನಾನು ಅಕ್ಕನ ಅಡುಗೆಮನೆಯಲ್ಲಿ ಕೊಳವೆಯಿಂದ ಸೂಪು ಹೀರುತ್ತಿದ್ದಾಗ ಗೋರ್ಮನ ಕಾರು ಬಂದು ನಿಂತಿತು. ಹರಿದ ಕಿವಿ ಹೊಲಿದಿದ್ದರು, ಅಂದವಾಗೇನೂ ಹೊಲಿದಿರಲಿಲ್ಲ.

ಭಾವ ಬಾಗಿಲು ತೆರೆದ.

"ಸಾಲು ನಿಂತಿದೆ," ಎಂದ ಗೋರ್ಮ್. "ಉಲ್ಲಾ ಕಳ್ಸಿದ್ಲು. ಗಂಟೆ ಲೆಕ್ಕದಲ್ಲಿ ಕೊಡ್ತಾಳಂತೆ. ಹೊರಗಿನವನ ಹಾಗೆ ಬಂದು ಹೋಗು. ಬರ್ತೀಯಾ?"

"ಅಂದ್ರೆ ನಾನು ನಿಮ್ಮ ಕೆಲಸದವನಲ್ಲ?"

"ಅಲ್ಲ."

"ಇದು ಗೇಟಿನ ಒಳಗೂ ಅಲ್ಲ?"

ಗೋರ್ಮ್ ಸುತ್ತ ನೋಡಿದ. ಅಕ್ಕನ ಗುಲಾಬಿ ಗಿಡ, ಅಂಚೆ ಡಬ್ಬಿ. "ಅಲ್ಲ," ಎಂದ. ಅರ್ಥವಾಯಿತು ಅವನಿಗೆ. ಓಡಲಿಲ್ಲ, ಅದೊಂದು ಮೆಚ್ಚಬೇಕು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

ಭಾವ ಒಂದೇ ಒಂದು ಕೊಟ್ಟ. ಗೋರ್ಮ್ ಗುಲಾಬಿ ಗಿಡದ ಮೇಲೆ ಕುಳಿತ.

"ನನ್ನ ಗಿಡ!" ಎಂದು ಅಕ್ಕ ಒಳಗಿನಿಂದ ಕಿರುಚಿದಳು. ಮತ್ತೆ ಫ್ರೀಜರಿನಿಂದ ಬಟಾಣಿಯ ಪೊಟ್ಟಣ ತಂದು ಗೋರ್ಮನ ಮುಖಕ್ಕೆ ಒತ್ತಿದಳು, ಸ್ವಲ್ಪ ಜೋರಾಗಿಯೇ. "ಇದು ಹೆಂಡತಿ ಹೆಸರೆತ್ತಿದ್ದಕ್ಕೆ."

"ಮುಗೀತಾ?" ಎಂದ ಗೋರ್ಮ್.

"ಮುಗೀತು," ಎಂದ ಭಾವ. ಶೆಡ್ಡಿಗೆ ಹೋಗಿ, ಬ್ಯಾಂಕಿನಿಂದ ಕಿತ್ತು ತಂದ ಕಾರ್ಡುಗಳಲ್ಲಿ ನಾಲ್ಕನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಬಂದ. ಕಾರು ಓಡಿಸಿದ್ದು ಅವನೇ. ಗೋರ್ಮನ ಒಂದು ಕಣ್ಣು ಆಗಲೇ ಮುಚ್ಚಿಕೊಂಡಿತ್ತು.